ಶುಕ್ರವಾರದ ಐವತ್ತು ಕೋಟಿ

ಬಡವರಿಗಾಗಿ ಸರ್ಕಾರ ಯಾವುದಾದರೂ ಯೋಜನೆ ಪ್ರಕಟಿಸಿದ ಮರುದಿನ ಪತ್ರಿಕೆಯಲ್ಲಿ, ಟೀವಿಯಲ್ಲಿ, ಬಸ್ಸಿನ ಸೀಟಿನಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತೆ?’ ಮೇಲ್ಸೇತುವೆಗೆ, ವಿಮಾನ ನಿಲ್ದಾಣಕ್ಕೆ ಈ ಪ್ರಶ್ನೆ ಅಷ್ಟು ಬೇಗ ಏಳುವುದಿಲ್ಲ ಎಂಬುದು ಬೇರೆ ಮಾತು. ಸಂಬಳ ಕೈಗೆ ಬರುವ ಮೊದಲೇ ಖರ್ಚಿನ ಪಟ್ಟಿ ಬರೆದಿಡುವ ನಮ್ಮಂಥವರಿಗೆ ಇದು ಸಹಜವಾದ ಪ್ರಶ್ನೆಯೇ. ಆದರೆ ನಮ್ಮ ಮನೆಗೂ ಒಂದು ದೇಶದ ಸರ್ಕಾರಕ್ಕೂ ಒಂದು ವ್ಯತ್ಯಾಸವಿದೆ. ನಾವು ದುಡಿದು ತರುವ ನೋಟು ಹುಟ್ಟುವುದೇ ಆ ಸರ್ಕಾರದ ಹೆಸರಿನಲ್ಲಿ.

ಈ ವ್ಯತ್ಯಾಸವನ್ನೇ ಹಿಡಿದು ವಾದ ಕಟ್ಟಿರುವ ಅರ್ಥಶಾಸ್ತ್ರಜ್ಞರ ಒಂದು ಪಂಥವಿದೆ. ‘ಆಧುನಿಕ ಹಣ ಸಿದ್ಧಾಂತ’ ಎಂದು ಅದನ್ನು ಕರೆಯಬಹುದು. ಅಮೆರಿಕದ ಸ್ಟೆಫನಿ ಕೆಲ್ಟನ್ 2020ರಲ್ಲಿ ‘ದ ಡೆಫಿಸಿಟ್ ಮಿತ್’ ಎಂಬ ಪುಸ್ತಕ ಬರೆದ ಮೇಲೆ ಅದು ವಿಶ್ವವಿದ್ಯಾಲಯಗಳ ಹೊರಗೂ ಚರ್ಚೆಗೆ ಬಂತು. ಸ್ವಂತ ನಾಣ್ಯವಿರುವ ಸರ್ಕಾರ ಮೊದಲು ತೆರಿಗೆ ಕೂಡಿಸಿ ಆಮೇಲೆ ಖರ್ಚು ಮಾಡುವುದಿಲ್ಲ; ಖರ್ಚು ಮಾಡಿದಾಗಲೇ ಹಣ ಹುಟ್ಟುತ್ತದೆ, ತೆರಿಗೆಯಾಗಿ ವಾಪಸು ಬಂದಾಗ ಸಾಯುತ್ತದೆ ಎನ್ನುತ್ತಾರೆ ಅವರು. ಹಾಗಾದರೆ ತೆರಿಗೆ ಯಾಕೆ ಬೇಕು? ಜನರ ಕೈಯಲ್ಲಿ ಅತಿಯಾಗಿ ಹಣ ಉಳಿದು ಬೆಲೆ ಏರದಂತೆ ನೋಡಿಕೊಳ್ಳಲು, ಮತ್ತು ಆ ನಾಣ್ಯ ಎಲ್ಲರಿಗೂ ಬೇಕೇಬೇಕು ಎನ್ನುವಂತೆ ಮಾಡಲು. ಎರಡನೆಯ ಮಾತು ನಮಗೆ ಹೊಸದಲ್ಲ. ಥಾಮಸ್ ಮನ್ರೋ ಬಳ್ಳಾರಿ ಸೀಮೆಯಲ್ಲಿ ರೈತವಾರಿ ಕಂದಾಯ ಗೊತ್ತುಮಾಡಿದಾಗ, ಆ ಕಂದಾಯದ ರೊಕ್ಕಕ್ಕಾಗಿಯೇ ರೈತ ಬೆಳೆಯನ್ನು ಮಾರಬೇಕಾಗಿತ್ತು.

ಕೆಲಸ ಕೇಳಿದ ಪ್ರತಿಯೊಬ್ಬರಿಗೂ ಕೆಲಸ, ಎಲ್ಲರಿಗೂ ಶಾಲೆ, ಆಸ್ಪತ್ರೆ: ಇವುಗಳಿಗೆ ಹಣದ ಕೊರತೆ ಎಂಬುದೇ ಇಲ್ಲ, ಇರುವುದು ಮನಸ್ಸಿನ ಕೊರತೆ ಎಂಬುದು ಈ ಪಂಥದ ತೀರ್ಮಾನ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ವಿರೋಧಿಸುವವರು ಜಿಂಬಾಬ್ವೆಯ ಹೆಸರು ಹೇಳಿ ಮಾತು ಮುಗಿಸುತ್ತಾರೆ. ಇಬ್ಬರೂ ಮರೆಯುವ ಸಂಗತಿಯೊಂದಿದೆ. ಭಾರತ ಈ ದಾರಿಯಲ್ಲಿ 40 ವರ್ಷಕ್ಕೂ ಹೆಚ್ಚು ಕಾಲ ನಡೆದು ನೋಡಿದೆ. ಅದರ ಬಗ್ಗೆ ಬಹಳ ಗಂಭೀರವಾಗಿ ಜಗಳವಾಡಿದೆ. ಆ ಜಗಳದ ಮೂವರು ಮುಖ್ಯ ಪಾತ್ರಧಾರಿಗಳಿಗೆ ನಮ್ಮ ನಾಡಿನ ನಂಟಿದೆ ಎಂಬುದು ಇದನ್ನು ಕನ್ನಡದಲ್ಲಿ ಬರೆಯಲು ನನಗೆ ಸಿಕ್ಕ ಹೆಚ್ಚಿನ ನೆಪ.

1955ರಲ್ಲಿ ಕೇಂದ್ರ ಸರ್ಕಾರಕ್ಕೂ ರಿಸರ್ವ್ ಬ್ಯಾಂಕಿಗೂ ನಡುವೆ ಒಂದು ಏರ್ಪಾಡಾಯಿತು. ಸರ್ಕಾರದ ಖಾತೆ ಇರುವುದು ರಿಸರ್ವ್ ಬ್ಯಾಂಕಿನಲ್ಲಿ. ಪ್ರತಿ ಶುಕ್ರವಾರ ಬ್ಯಾಂಕು ತನ್ನ ವಾರದ ಲೆಕ್ಕ ಮುಗಿಸುವಾಗ ಆ ಖಾತೆಯಲ್ಲಿ ಕನಿಷ್ಠ 50 ಕೋಟಿ ರೂಪಾಯಿ ಇರಬೇಕು. ಉಳಿದ ದಿನಗಳಲ್ಲಿ 4 ಕೋಟಿ ಇದ್ದರೆ ಸಾಕು. ಅದಕ್ಕಿಂತ ಕಡಿಮೆಯಾದರೆ? ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಸರ್ಕಾರದ ಹೆಸರಿನಲ್ಲಿ ‘ಅಡ್‌ಹಾಕ್’ ಖಜಾನೆ ಹುಂಡಿಯೊಂದು ತಾನಾಗಿಯೇ ಹುಟ್ಟುತ್ತದೆ, ಅದನ್ನು ರಿಸರ್ವ್ ಬ್ಯಾಂಕೇ ಕೊಳ್ಳುತ್ತದೆ, ಕೊಂಡ ಹಣ ಸರ್ಕಾರದ ಖಾತೆಗೆ ಜಮೆಯಾಗುತ್ತದೆ. ಹುಂಡಿಯ ಅವಧಿ 91 ದಿನ. ಅವಧಿ ಮುಗಿದರೆ ಇನ್ನೊಂದು ಹುಂಡಿ. ತಾತ್ಕಾಲಿಕ ಕೈಸಾಲ ಎಂದು ಶುರುವಾದದ್ದು 1997ರವರೆಗೆ ನಡೆಯಿತು.

ನೋಟು ಅಚ್ಚು ಹಾಕುವುದು ಎಂದು ನಾವು ಆಡುಮಾತಿನಲ್ಲಿ ಹೇಳುವುದು ಇದನ್ನೇ. ಯಂತ್ರದ ಸದ್ದೇನೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಎರಡು ಸಾಲು, ಅಷ್ಟೆ. ಜೊತೆಗೆ ಇನ್ನೊಂದು ಕಟ್ಟನ್ನೂ ಆ ದಿನಗಳಲ್ಲೇ ಬಿಚ್ಚಲಾಯಿತು. ಹಿಂದೆ ಚಲಾವಣೆಯಲ್ಲಿರುವ ನೋಟಿನ ಮೌಲ್ಯದ 40 ಶೇಕಡಾದಷ್ಟು ಚಿನ್ನ ಮತ್ತು ವಿದೇಶಿ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕು ಇಟ್ಟುಕೊಳ್ಳಬೇಕಿತ್ತು. 1956ರಲ್ಲಿ ಕಾಯ್ದೆ ತಿದ್ದಿ, ನೋಟು ಎಷ್ಟೇ ಇರಲಿ, 115 ಕೋಟಿಯ ಚಿನ್ನ ಮತ್ತು 400 ಕೋಟಿಯ ವಿದೇಶಿ ಸಾಲಪತ್ರ ಇದ್ದರೆ ಸಾಕು ಎಂದರು. ಮರುವರ್ಷವೇ ಅದೂ ಕಷ್ಟವಾಗಿ ಎರಡೂ ಸೇರಿ 200 ಕೋಟಿ ಸಾಕು ಎಂದಾಯಿತು. ಆ 200 ಕೋಟಿ ಇಂದಿಗೂ ಕಾಯ್ದೆಯಲ್ಲಿದೆ. ಚಿನ್ನ ಕೊಡುತ್ತೇವೆಂಬ ಭರವಸೆಯಿಂದ ರೂಪಾಯಿಗೆ ಬೆಲೆ ಬಂದಿದೆ ಎಂದುಕೊಂಡವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಸಮಾನತೆಯ ಕನಸಿದ್ದವರೆಲ್ಲ ಇಂಥ ನಿರ್ವಹಣೆಯ ನಾಣ್ಯದ ಪರವಾಗಿದ್ದರು ಎಂದೇನೂ ಇಲ್ಲ. ಅಂಬೇಡ್ಕರ್ 1923ರಲ್ಲಿ ಪ್ರಕಟಿಸಿದ ‘ದ ಪ್ರಾಬ್ಲಮ್ ಆಫ್ ದ ರುಪೀ’ಯಲ್ಲಿ ಈ ವಿಷಯದಲ್ಲಿ ಕೇನ್ಸ್‌ನ ಎದುರಿಗೆ ನಿಂತವರು. ನಾಣ್ಯದ ಪ್ರಮಾಣವನ್ನು ಆಳುವವರ ವಿವೇಚನೆಗೆ ಬಿಡುವುದನ್ನು ಅವರು ನಂಬಲಿಲ್ಲ. ಬೆಲೆ ಏರಿದಾಗ ಕೂಲಿ ಅದರ ಹಿಂದೆ ಓಡಿ ಹಿಡಿಯುವುದಿಲ್ಲ ಎಂಬುದು ಬರೀ ಪುಸ್ತಕದ ಮಾತಲ್ಲವೆಂದು ಇಪ್ಪತ್ತು ವರ್ಷದಲ್ಲೇ ಗೊತ್ತಾಯಿತು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಸೈನ್ಯಕ್ಕಾಗಿ ಬಟ್ಟೆ, ಧಾನ್ಯ, ಕಬ್ಬಿಣ, ಕೂಲಿ ಎಲ್ಲವನ್ನೂ ಕೊಂಡಿತು. ಅದರ ಬೆಲೆಯನ್ನು ಲಂಡನ್ನಿನಲ್ಲಿ ಸ್ಟರ್ಲಿಂಗ್ ಲೆಕ್ಕದಲ್ಲಿ ಬರೆದಿಟ್ಟರು, ಇಲ್ಲಿ ರಿಸರ್ವ್ ಬ್ಯಾಂಕು ಅದರ ಮೇಲೆ ನೋಟು ಹೊರಡಿಸಿತು. 1939ರಿಂದ 1945ರೊಳಗೆ ಚಲಾವಣೆಯ ನೋಟು ಸುಮಾರು ಆರು ಪಟ್ಟಾಯಿತು. ದೇಶದ ಅಕ್ಕಿ ಆರು ಪಟ್ಟಾಗಲಿಲ್ಲ. ಕಲ್ಕತ್ತದ ಯುದ್ಧದ ಕಾರ್ಖಾನೆ, ಕಚೇರಿಗಳಲ್ಲಿ ಸಂಬಳ ಪಡೆಯುತ್ತಿದ್ದವರು ಏರಿದ ಬೆಲೆಗೂ ಅಕ್ಕಿ ಕೊಂಡರು. ಹಳ್ಳಿಯ ಕೃಷಿ ಕೂಲಿಗಳು, ಮೀನುಗಾರರು ಕೊಳ್ಳಲಾಗದೆ ಸತ್ತರು. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಅಮರ್ತ್ಯ ಸೇನ್ 1981ರಲ್ಲಿ ಬರೆದ ಪುಸ್ತಕ ಈ ಕಾರ್ಯಕಾರಣವನ್ನು ಬಿಡಿಸಿ ತೋರಿಸಿತು. ಖಾಲಿ ಹೊಟ್ಟೆಯವರ ಪಾಲನ್ನು ಯಾರೂ ಕಾನೂನು ಮಾಡಿ ಕಿತ್ತುಕೊಳ್ಳಲಿಲ್ಲ. ಹೊಸ ನೋಟು ಆ ಕೆಲಸ ಮಾಡಿತು. ಸ್ವತಂತ್ರ ಭಾರತದ ಯೋಜನಾಕಾರರಿಗೆಲ್ಲ ಇದು ಕಣ್ಣೆದುರು ನಡೆದದ್ದು. ಅವರ ವಾದಗಳನ್ನು ಓದುವಾಗ ಇದನ್ನು ಮರೆಯಬಾರದು.

ಈಗ ವಿ.ಕೆ.ಆರ್.ವಿ. ರಾವ್. ಬೆಂಗಳೂರಿನ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು 1972ರಲ್ಲಿ ಕಟ್ಟಿದವರು, ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋದವರು. ಅದಕ್ಕೂ ಬಹಳ ಮೊದಲು ಕೇಂಬ್ರಿಜ್‌ನಲ್ಲಿ ಕೇನ್ಸ್‌ನ ಶಿಷ್ಯ. 1952ರಲ್ಲಿ ‘ಇಂಡಿಯನ್ ಎಕನಾಮಿಕ್ ರಿವ್ಯೂ’ದಲ್ಲಿ ಅವರು ಬರೆದ ಲೇಖನವೊಂದು ತನ್ನ ಗುರುವಿನ ಸಿದ್ಧಾಂತವೇ ನಮ್ಮ ದೇಶದಲ್ಲಿ ಏಕೆ ನಡೆಯುವುದಿಲ್ಲ ಎಂಬುದರ ಬಗ್ಗೆ ಇತ್ತು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಕೀಲಿ ಅಲ್ಲಿದೆ.

ಕೇನ್ಸ್ ನೋಡುತ್ತಿದ್ದದ್ದು 1930ರ ದಶಕದ ಇಂಗ್ಲೆಂಡನ್ನು. ಅಲ್ಲಿ ಗಿರಣಿ ಇದೆ, ಯಂತ್ರ ಇದೆ, ಕೆಲಸ ಬಲ್ಲ ಕಾರ್ಮಿಕನೂ ಇದ್ದಾನೆ. ಕೊಳ್ಳುವವರಿಲ್ಲದೆ ಎಲ್ಲ ನಿಂತಿದೆ. ಸರ್ಕಾರ ಸಾಲ ಮಾಡಿಯಾದರೂ ರಸ್ತೆ ಕಟ್ಟಿಸಿದರೆ ಕೂಲಿಯವನ ಕೈಗೆ ಹಣ ಬರುತ್ತದೆ, ಅವನು ಷರಟು ಕೊಳ್ಳುತ್ತಾನೆ, ನಿಂತ ಗಿರಣಿ ತಿರುಗುತ್ತದೆ, ಗಿರಣಿಯವನು ಚಪ್ಪಲಿ ಕೊಳ್ಳುತ್ತಾನೆ. ಒಂದು ರೂಪಾಯಿ ಎರಡು ಮೂರು ರೂಪಾಯಿಯ ಆದಾಯವಾಗುತ್ತದೆ. ರಾವ್ ಕೇಳಿದ್ದು: ಭಾರತದಲ್ಲಿ ಆ ನಿಂತ ಗಿರಣಿ ಎಲ್ಲಿದೆ? ಇಲ್ಲಿಯ ನಿರುದ್ಯೋಗಿ ಮನೆಯ ಹೊಲದಲ್ಲೇ ಇದ್ದಾನೆ, ಇಬ್ಬರ ಕೆಲಸವನ್ನು ನಾಲ್ವರು ಹಂಚಿಕೊಂಡು ಮಾಡುತ್ತಿದ್ದಾರೆ. ಅವನ ಕೈಗೆ ಹೊಸ ಕೂಲಿ ಬಂದರೆ ಮೊದಲು ಕೊಳ್ಳುವುದು ಅನ್ನವನ್ನು. ಆದರೆ ಬೇಡಿಕೆ ಹೆಚ್ಚಿದ ಮಾತ್ರಕ್ಕೆ ಹೊಲ ಆ ವರ್ಷವೇ ಹೆಚ್ಚು ಬೆಳೆಯುವುದಿಲ್ಲ. ಅಷ್ಟೇ ಅಲ್ಲ, ನಾಲ್ಕು ಕಾಸು ಕಂಡ ರೈತನ ಮನೆಯವರು ತಾವೇ ಹೊಟ್ಟೆತುಂಬ ಉಣ್ಣುತ್ತಾರೆ, ಸಂತೆಗೆ ಬರುವ ಧಾನ್ಯ ಇನ್ನೂ ಇಳಿಯುತ್ತದೆ. ಆಗ ರೂಪಾಯಿಯ ಆದಾಯ ಗುಣಿಸುತ್ತದೆ, ಧಾನ್ಯ ಗುಣಿಸುವುದಿಲ್ಲ. ಬೆಲೆ ಏರುತ್ತದೆ.

ಇದನ್ನು ಓದಿ ರಾವ್ ಸರ್ಕಾರದ ಖರ್ಚಿನ ವಿರೋಧಿ ಎಂದುಕೊಳ್ಳಬೇಡಿ. ಮುಂದಿನ ವರ್ಷ ಬಂಡವಾಳ ನಿರ್ಮಾಣಕ್ಕೆ ಮಾಡುವ ಕೊರತೆ ಹಣಕಾಸಿನ ಬಗ್ಗೆ ಬೇರೆಯೇ ಲೇಖನ ಬರೆದು, ಅದನ್ನು ಯುದ್ಧಕಾಲದ ನೋಟಿನ ಜೊತೆ ಒಂದೇ ತಕ್ಕಡಿಯಲ್ಲಿ ಇಡಬಾರದು ಎಂದರು. ಬಾವಿಗೆ ಹಾಕಿದ ಹಣ ಮುಂದಿನ ವರ್ಷ ನೀರು ಕೊಡುತ್ತದೆ. ಬಂದೂಕಿಗೆ ಹಾಕಿದ್ದು ಏನನ್ನೂ ಬೆಳೆಯುವುದಿಲ್ಲ. ಹಣ ಹುಟ್ಟಿಸಬಹುದೇ ಎಂಬುದನ್ನು ಬಿಟ್ಟು, ಹುಟ್ಟಿಸಿದ ಹಣದಿಂದ ಕೂಲಿ ಪಡೆದವನು ಸಂತೆಗೆ ಹೋದಾಗ ಅಲ್ಲಿ ಏನಿರುತ್ತದೆ ಎಂದು ಕೇಳುವುದು ಈ ವಾದದಿಂದ ನಾವು ಕಲಿಯಬಹುದಾದ ಕ್ರಮ.

1955ರ ಮಾರ್ಚಿನಲ್ಲಿ ಮಹಲನೋಬಿಸ್ ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡು ಚೌಕಟ್ಟನ್ನು ಮುಂದಿಟ್ಟರು. ಭಾರೀ ಕೈಗಾರಿಕೆ, ಉಕ್ಕು, ಯಂತ್ರ ತಯಾರಿಸುವ ಯಂತ್ರ. ಕೊನೆಗೆ ನಿಂತ ಲೆಕ್ಕದಲ್ಲಿ ಸರ್ಕಾರಿ ವಲಯದ ಖರ್ಚು 4,800 ಕೋಟಿ. ಅದರಲ್ಲಿ 1,200 ಕೋಟಿ, ಅಂದರೆ ಕಾಲು ಭಾಗ, ಕೊರತೆ ಹಣಕಾಸಿನಿಂದ. ಇನ್ನೊಂದು 400 ಕೋಟಿ ಎಲ್ಲಿಂದ ಎಂಬುದನ್ನು ಖಾಲಿ ಬಿಡಲಾಗಿತ್ತು. ಹಣಕಾಸು ಮಂತ್ರಿ ಸಿ.ಡಿ. ದೇಶಮುಖರ ಅಧ್ಯಕ್ಷತೆಯ ಅರ್ಥಶಾಸ್ತ್ರಜ್ಞರ ಸಮಿತಿ ಯೋಜನೆಯ ದಿಕ್ಕಿಗೆ ಒಪ್ಪಿಗೆ ಕೊಟ್ಟಿತು. ರಾವ್, ಗಾಡ್ಗೀಳ್, ವಕೀಲ್, ಕೆ.ಎನ್. ರಾಜ್ ಎಲ್ಲ ಅದರಲ್ಲಿದ್ದರು. ಒಬ್ಬರು ಮಾತ್ರ ಪ್ರತ್ಯೇಕವಾಗಿ ಭಿನ್ನಮತದ ಟಿಪ್ಪಣಿ ಬರೆದರು: ಬಿ.ಆರ್. ಶೆಣೈ.

ಬೆಳ್ಳಿಕೋತ್ ರಘುನಾಥ ಶೆಣೈ ಹುಟ್ಟಿದ್ದು 1905ರಲ್ಲಿ, ಆಗಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಊರಿನಲ್ಲಿ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿ, ಹಾಯೆಕ್‌ನ ವಿಚಾರಗಳ ಪ್ರಭಾವಕ್ಕೆ ಒಳಗಾದವರು. ಅವರ ಟಿಪ್ಪಣಿಯ ತಿರುಳು ಹೀಗಿತ್ತು: ಯೋಜನೆಯ ಗಾತ್ರ ದೇಶದ ನಿಜವಾದ ಉಳಿತಾಯಕ್ಕೆ ತಕ್ಕಂತಿರಬೇಕು, ಅದನ್ನು ಮೀರಿ ಹಣ ಹುಟ್ಟಿಸಿದರೆ ಬೆಲೆ ಏರಿಕೆ ಮತ್ತು ವಿದೇಶಿ ವಿನಿಮಯದ ಬಿಕ್ಕಟ್ಟು ತಪ್ಪುವುದಿಲ್ಲ. ಜೊತೆಗೆ ರಾಷ್ಟ್ರೀಕರಣವನ್ನೂ ನಿಯಂತ್ರಣಗಳನ್ನೂ ವಿರೋಧಿಸಿದರು. ಆ ಕಾಲದ ಗಾಳಿಯಲ್ಲಿ ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ. ಇತ್ತೀಚಿನ ವರ್ಷಗಳಲ್ಲಿ ಅವರನ್ನು ಮುಕ್ತ ಮಾರುಕಟ್ಟೆಯ ಪ್ರವಾದಿ ಎಂದು ಹೊಗಳುವವರು ಹೆಚ್ಚಾಗಿದ್ದಾರೆ.

ಶೆಣೈ ಹೇಳಿದ್ದು ಬಹುಪಾಲು ಬೇಗನೆ ನಿಜವಾಯಿತು. ಯುದ್ಧದಲ್ಲಿ ಕೂಡಿದ್ದ ಸ್ಟರ್ಲಿಂಗ್ ಗಂಟು ಕರಗಿ, 1956ರ ಮಾರ್ಚಿನಿಂದ ಎರಡೇ ವರ್ಷದಲ್ಲಿ ವಿದೇಶಿ ವಿನಿಮಯದ ಸಂಗ್ರಹ ಅರ್ಧಕ್ಕಿಂತ ಕೆಳಗಿಳಿಯಿತು. ಕಾಯ್ದೆಯ 400 ಕೋಟಿಯನ್ನು ತರಾತುರಿಯಲ್ಲಿ ಕಡಿಮೆ ಮಾಡಬೇಕಾದದ್ದು ಇದರಿಂದಲೇ. ಮೊದಲ ಯೋಜನೆಯಲ್ಲಿ ಇಳಿದಿದ್ದ ಸಗಟು ಬೆಲೆ ಎರಡನೆಯದರಲ್ಲಿ ಸುಮಾರು 30 ಶೇಕಡಾ ಏರಿತು. 1956ರ ಆಗಸ್ಟಿನಲ್ಲಿ ಅಮೆರಿಕದೊಂದಿಗೆ ಪಿ.ಎಲ್. 480 ಒಪ್ಪಂದವಾಗಿ ಗೋಧಿಯ ಹಡಗುಗಳು ಬರತೊಡಗಿದವು. ಹಣವನ್ನು ನಾವು ಹುಟ್ಟಿಸಿದೆವು, ಆ ಹಣ ಹುಡುಕಿಕೊಂಡು ಹೋದ ಧಾನ್ಯವನ್ನು ಇನ್ನೊಂದು ದೇಶದಿಂದ ತರಿಸಿದೆವು.

ಆದರೂ ಶೆಣೈ ಅವರ ರೋಗಲಕ್ಷಣದ ಪಟ್ಟಿಯನ್ನು ಒಪ್ಪುವ ನನಗೆ ಅವರ ಔಷಧ ಒಪ್ಪಿಗೆಯಾಗುವುದಿಲ್ಲ. ಉಳಿತಾಯ ಇಷ್ಟೇ ಇದೆ, ಯೋಜನೆ ಚಿಕ್ಕದಾಗಲಿ ಎಂದರು ಅವರು. ಆದರೆ ಉಳಿತಾಯ ಇಷ್ಟೇ ಎಂದು ಬರೆದವರಾರು? ಜಮೀನ್ದಾರರ, ವ್ಯಾಪಾರಿಗಳ, ರಾಜಮನೆತನಗಳ ಖರ್ಚು ಕಡಿಮೆಯಾದರೆ ಅಷ್ಟು ಸರಕು, ಅಷ್ಟು ಕೆಲಸಗಾರರು, ಅಷ್ಟು ವಿದೇಶಿ ವಿನಿಮಯ ಬೇರೆ ಕೆಲಸಕ್ಕೆ ಬಿಡುವಾಗುತ್ತದೆ. ತೆರಿಗೆ ಇರುವುದು ಇದಕ್ಕಾಗಿ ಎಂದು ಅಬ್ಬಾ ಲರ್ನರ್ 1943ರಲ್ಲೇ ಬರೆದಿದ್ದರು. ಇಂದಿನ ‘ಆಧುನಿಕ ಹಣ’ದವರು ಅವರನ್ನು ತಮ್ಮ ಹಿರಿಯರಲ್ಲಿ ಒಬ್ಬರೆಂದು ಎಣಿಸುತ್ತಾರೆ.

ಇದನ್ನು ಸರ್ಕಾರವೂ ಅರಿತಿತ್ತು ಎಂಬುದೇ ಈ ಕಥೆಯ ಸ್ವಾರಸ್ಯ. 1956ರಲ್ಲಿ ಕೇಂಬ್ರಿಜ್‌ನ ನಿಕೊಲಾಸ್ ಕಾಲ್ಡೊರ್‌ನನ್ನು ಕರೆಸಿ ಭಾರತದ ತೆರಿಗೆ ವ್ಯವಸ್ಥೆಯ ಬಗ್ಗೆ ವರದಿ ಬರೆಸಿದರು. ಅದರಂತೆ 1957ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಸಂಪತ್ತಿನ ತೆರಿಗೆಯನ್ನೂ, ಶ್ರೀಮಂತರ ಖರ್ಚಿನ ಮೇಲೆಯೇ ಬೀಳುವ ವೆಚ್ಚ ತೆರಿಗೆಯನ್ನೂ ತಂದರು. ಮರುವರ್ಷ ಕೊಡುಗೆ ತೆರಿಗೆ ಬಂತು. ಕಾಗದದ ಮೇಲೆ ಇದು ಸಮಾನತೆಯ ಹಣಕಾಸಿನ ಪೂರ್ತಿ ಸಲಕರಣೆ: ಒಂದು ಕೈಯಲ್ಲಿ ಹಣ ಹುಟ್ಟಿಸುವುದು, ಇನ್ನೊಂದು ಕೈಯಲ್ಲಿ ಉಳ್ಳವರ ಕೊಳ್ಳುವ ಶಕ್ತಿಯನ್ನು ಹಿಂತೆಗೆಯುವುದು. ಆದರೆ ಎರಡನೆಯ ಕೈ ಮೊದಲಿನಿಂದಲೂ ಸೋತಿತ್ತು. ವಿನಾಯಿತಿಗಳು ತುಂಬಿದವು, ವಸೂಲಿ ಅತ್ಯಲ್ಪ. ವೆಚ್ಚ ತೆರಿಗೆಯನ್ನು 1962ರಲ್ಲಿ ಕೈಬಿಟ್ಟರು, 1964ರಲ್ಲಿ ಮತ್ತೆ ತಂದರು, 1966ರಲ್ಲಿ ಮತ್ತೆ ಬಿಟ್ಟರು. ಆಸ್ತಿ ವಾರಸುದಾರರಿಗೆ ಹೋಗುವಾಗ ಬೀಳುತ್ತಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲಿ ಹೋಯಿತು, ಸಂಪತ್ತಿನ ತೆರಿಗೆ 2015ರ ಬಜೆಟ್‌ನಲ್ಲಿ. ಶುಕ್ರವಾರದ ಹುಂಡಿ ಮಾತ್ರ ಒಂದು ವಾರವೂ ತಪ್ಪದೆ ಸಿದ್ಧವಾಗಿತ್ತು.

ಅದೇ ಕೃಷ್ಣಮಾಚಾರಿಯವರ ಜೊತೆ ಜಗಳವಾಡಿ ಹೊರನಡೆದವರು ರಿಸರ್ವ್ ಬ್ಯಾಂಕಿನ ಗವರ್ನರ್ ಬೆನಗಲ್ ರಾಮರಾವ್. ಸಂವಿಧಾನ ರಚನೆಯಲ್ಲಿ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ಸಹೋದರ, ಮಂಗಳೂರಿನ ಕಡೆಯ ಮನೆತನ. 1949ರಿಂದ ಗವರ್ನರ್ ಆಗಿದ್ದರು. ಅಡ್‌ಹಾಕ್ ಏರ್ಪಾಡಿಗೆ ಒಪ್ಪಿದ್ದೂ ಅವರ ಕಾಲದಲ್ಲೇ. ಸರ್ಕಾರ ಹುಂಡಿಗಳ ಮೇಲಿನ ಸ್ಟಾಂಪ್ ಶುಲ್ಕ ಏರಿಸಿದಾಗ, ಇದು ಪರೋಕ್ಷವಾಗಿ ಬಡ್ಡಿದರವನ್ನು ಸರ್ಕಾರವೇ ನಿರ್ಧರಿಸಿದಂತೆ ಎಂದು ರಾಮರಾವ್ ಆಕ್ಷೇಪಿಸಿದರು. ಮಂತ್ರಿ ರಿಸರ್ವ್ ಬ್ಯಾಂಕನ್ನು ತಮ್ಮ ಇಲಾಖೆಯ ಒಂದು ವಿಭಾಗದಂತೆ ಮಾತಾಡಿದರು. ನೆಹರೂ ಮಂತ್ರಿಯ ಪಕ್ಷ ವಹಿಸಿದರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟರು. ಇದನ್ನು ಸಾಮಾನ್ಯವಾಗಿ ಕೇಂದ್ರ ಬ್ಯಾಂಕಿನ ಸ್ವಾತಂತ್ರ್ಯದ ಕಥೆಯಾಗಿ ಹೇಳುತ್ತಾರೆ. ನನಗೆ ಅಷ್ಟು ಸರಳವೆನಿಸುವುದಿಲ್ಲ. ಆರಿಸಿ ಬಂದ ಸರ್ಕಾರಕ್ಕೆ ಹಣದ ಮೇಲೆ ಹಿಡಿತ ಇರಬೇಕು ಎಂಬ ಮಾತಿನಲ್ಲಿ ತಪ್ಪೇನಿದೆ? ತೊಂದರೆ ಇದ್ದದ್ದು, ಆ ಹಿಡಿತದಿಂದ ಹುಟ್ಟಿದ ಹಣ ಯಾರ ಕಡೆಗೆ ಹರಿಯಿತು ಎಂಬಲ್ಲಿ.

ಅಂಕಿಗಳನ್ನು ನೋಡಿ. ಎರಡನೆಯ ಯೋಜನೆಯಲ್ಲಿ ಕೈಗಾರಿಕೆ ಮತ್ತು ಗಣಿಗೆ 890 ಕೋಟಿ, ಸಾರಿಗೆ ಸಂಪರ್ಕಕ್ಕೆ 1,385 ಕೋಟಿ. ಕೃಷಿ ಮತ್ತು ಸಮುದಾಯ ಅಭಿವೃದ್ಧಿಗೆ 568 ಕೋಟಿ, ಅಂದರೆ 11.8 ಶೇಕಡಾ, ಮೊದಲ ಯೋಜನೆಯಲ್ಲಿ ಈ ಪಾಲು 15.1 ಶೇಕಡಾ ಇತ್ತು. ಶಿಕ್ಷಣಕ್ಕೆ 307 ಕೋಟಿ. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷದೊಳಗೆ ಉಚಿತ ಕಡ್ಡಾಯ ಶಿಕ್ಷಣ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 45ನೇ ವಿಧಿ ಹೇಳಿತ್ತು. ಆ ಗಡುವು 1960ರಲ್ಲಿ ಸದ್ದಿಲ್ಲದೆ ದಾಟಿಹೋಯಿತು. ಆ ಐದು ವರ್ಷಗಳಲ್ಲಿ ರಿಸರ್ವ್ ಬ್ಯಾಂಕಿನ ಬಾಗಿಲು ತೆರೆದೇ ಇತ್ತು, ಸುಮಾರು 950 ಕೋಟಿಯ ಕೊರತೆ ಹಣಕಾಸು ನಡೆದೇ ನಡೆಯಿತು. ಅಂದರೆ ಶಾಲೆ ಕಟ್ಟದೆ ಉಳಿದದ್ದು ಹಣ ಹುಟ್ಟಿಸುವ ಅಧಿಕಾರ ಇಲ್ಲದ್ದರಿಂದ ಅಲ್ಲ. ಆಧುನಿಕ ಹಣ ಸಿದ್ಧಾಂತದ ಗೆಳೆಯರು ಇಲ್ಲಿ ಸ್ವಲ್ಪ ನಿಲ್ಲಬೇಕು ಎನಿಸುತ್ತದೆ. ಹಣದ ಕಟ್ಟು ಬಿಚ್ಚಿದ ತಕ್ಷಣ ಅದು ಬಡವರ ಕಡೆ ಹರಿಯುತ್ತದೆ ಎಂದು ನಂಬಲು ನಮ್ಮ ಇತಿಹಾಸದಲ್ಲಿ ಆಧಾರವಿಲ್ಲ. ಧಾನ್ಯ ಬೆಳೆಯುವ ಹೊಲಕ್ಕೆ ಪಾಲು ಇಳಿಸಿ, ಧಾನ್ಯ ಕೇಳುವ ಕೂಲಿಯನ್ನು ಏರಿಸಿದ ಯೋಜನೆ ಬೆಲೆ ಏರಿಕೆಯಲ್ಲಿ ಸಿಕ್ಕಿಬಿದ್ದದ್ದರಲ್ಲಿ ಅಚ್ಚರಿಯೂ ಇಲ್ಲ. ವಕೀಲ್ ಮತ್ತು ಬ್ರಹ್ಮಾನಂದ 1956ರಲ್ಲೇ ಪುಸ್ತಕ ಬರೆದು, ಮೊದಲು ಕೂಲಿಕಾರರ ನಿತ್ಯಬಳಕೆಯ ಸರಕು, ಆಮೇಲೆ ಉಕ್ಕು ಎಂದಿದ್ದರು.

ಪೋಲೆಂಡಿನ ಮಿಖಾವ್ ಕಲೆಟ್ಸ್ಕಿ ಭಾರತಕ್ಕೆ ಬಂದದ್ದು ಎರಡನೆಯ ಯೋಜನೆ ಮುಗಿಯುತ್ತಿದ್ದ ಹೊತ್ತಿನಲ್ಲಿ. ಶೆಣೈ ಅವರ ಎಚ್ಚರಿಕೆಯನ್ನೂ ಲರ್ನರ್‌ನ ಧೈರ್ಯವನ್ನೂ ಒಟ್ಟಿಗೆ ಹಿಡಿದ ಲೆಕ್ಕ ಇವರದು ಎಂದು ನನಗನಿಸುತ್ತದೆ. ಜೀವನಾವಶ್ಯಕ ವಸ್ತುಗಳು ಎಷ್ಟು ವೇಗದಲ್ಲಿ ಬೆಳೆಯುತ್ತವೋ ಅಷ್ಟೇ ವೇಗದಲ್ಲಿ ಬಡವರ ಆದಾಯ ಬೆಲೆ ಏರದೆ ಬೆಳೆಯಬಹುದು. ಆ ವೇಗಕ್ಕೆ ಅಡ್ಡಿ ಹಣವಲ್ಲ. ಭೂಮಿಯ ಒಡೆತನ, ಗೇಣಿ, ಲೇವಾದೇವಿಯ ಬಡ್ಡಿ. ಉಳಿದ ಖರ್ಚನ್ನು ಉಳ್ಳವರ ಮೇಲಿನ ತೆರಿಗೆಯಿಂದ ತೆಗೆಯಬೇಕು, ಬಡವರು ಕೊಳ್ಳುವ ಸರಕಿನ ಮೇಲಲ್ಲ. ಹೀಗೆ ನೋಡಿದರೆ 1974ರಲ್ಲಿ ದೇವರಾಜ ಅರಸು ಸರ್ಕಾರ ಜಾರಿಗೆ ತಂದ ಭೂಸುಧಾರಣಾ ತಿದ್ದುಪಡಿಯೂ ಹಣಕಾಸಿನ ಇತಿಹಾಸದ ಒಂದು ಅಧ್ಯಾಯವೇ. ಉಳುವವನಿಗೆ ಹೊಲ ಕೊಡಲು ಬಜೆಟ್‌ನಲ್ಲಿ ಹೇಳಿಕೊಳ್ಳುವಂಥ ಮೊತ್ತವೇನೂ ಬೇಕಾಗಲಿಲ್ಲ.

1960ರ ದಶಕದ ನಡುವಿನ ಎರಡು ಬರಗಳು, ಯೋಜನೆಗೆ ರಜೆ, ಹಸಿರು ಕ್ರಾಂತಿ: ಇವು ಎಲ್ಲರಿಗೂ ಗೊತ್ತಿರುವ ಕಥೆ. ನಮ್ಮ ವಿಷಯಕ್ಕೆ ಬೇಕಾದದ್ದು 1965ರಲ್ಲಿ ಹುಟ್ಟಿದ ಭಾರತೀಯ ಆಹಾರ ನಿಗಮ. ಅದರ ಗೋದಾಮು ತುಂಬಿದ ಮೇಲೆ, 1977ರಲ್ಲಿ, ಜನತಾ ಸರ್ಕಾರ ‘ಕೂಲಿಗಾಗಿ ಕಾಳು’ ಯೋಜನೆ ತಂದಿತು. ಕೆರೆ ಹೂಳೆತ್ತಿದವರಿಗೆ, ರಸ್ತೆಗೆ ಮಣ್ಣು ಹೊತ್ತವರಿಗೆ ಕೂಲಿಯನ್ನು ಗೋಧಿ, ಅಕ್ಕಿಯಲ್ಲೇ ಅಳೆದು ಕೊಟ್ಟರು. ರಾವ್ 1952ರಲ್ಲಿ ಕೇಳಿದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇರಲಾರದು. ಕೂಲಿಯವನು ಸಂತೆಗೆ ಹೋಗಿ ಬೆಲೆ ಏರಿಸುವ ಮಾತೇ ಇಲ್ಲ, ಅವನ ಕೂಲಿಯೇ ಧಾನ್ಯ. ಅತ್ತ ಮಹಾರಾಷ್ಟ್ರ ಇನ್ನೊಂದು ದಾರಿ ಹಿಡಿದಿತ್ತು. 1972ರ ಬರದಲ್ಲಿ ಶುರುವಾಗಿ 1977ರಲ್ಲಿ ಕಾಯ್ದೆಯಾದ ಉದ್ಯೋಗ ಖಾತ್ರಿಗೆ ಅದು ನಗರದ ನೌಕರರ, ವೃತ್ತಿನಿರತರ ಮೇಲೆ ವೃತ್ತಿ ತೆರಿಗೆ ಹಾಕಿತು. ರಾಜ್ಯಕ್ಕೆ ನೋಟು ಹುಟ್ಟಿಸುವ ಅಧಿಕಾರವಿಲ್ಲವಲ್ಲ. ಮುಂಬೈಯ ಸಂಬಳದಿಂದ ತೆಗೆದು ಮರಾಠವಾಡದ ಕಲ್ಲು ಒಡೆಯುವವರಿಗೆ ಕೊಟ್ಟರು. 2005ರಲ್ಲಿ ಸಂಸತ್ತು ವರ್ಷಕ್ಕೆ 100 ದಿನದ ಉದ್ಯೋಗ ಖಾತ್ರಿಯ ಕಾಯ್ದೆ ಮಾಡುವಾಗ ಮುಂದಿದ್ದ ಮಾದರಿ ಇದೇ.

ಅಷ್ಟರಲ್ಲಿ ಶುಕ್ರವಾರದ ಏರ್ಪಾಡು ಮುಗಿದಿತ್ತು. 1994ರ ಸೆಪ್ಟೆಂಬರಿನಲ್ಲಿ ಹಣಕಾಸು ಇಲಾಖೆಯೂ ರಿಸರ್ವ್ ಬ್ಯಾಂಕೂ ಒಪ್ಪಂದ ಮಾಡಿಕೊಂಡು ಅಡ್‌ಹಾಕ್ ಹುಂಡಿಗಳಿಗೆ ಮಿತಿ ಹಾಕಿದವು. 1997ರ ಏಪ್ರಿಲ್‌ನಿಂದ ಅವು ಪೂರ್ತಿ ನಿಂತವು. 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ 2006ರಿಂದ ರಿಸರ್ವ್ ಬ್ಯಾಂಕು ಸರ್ಕಾರದ ಹೊಸ ಸಾಲಪತ್ರಗಳನ್ನು ಸಾಮಾನ್ಯವಾಗಿ ನೇರವಾಗಿ ಕೊಳ್ಳುವಂತಿಲ್ಲ. ಈಗ ಸರ್ಕಾರ ಮಾರುಕಟ್ಟೆಯಲ್ಲಿ ಸಾಲ ಎತ್ತುತ್ತದೆ. ಬ್ಯಾಂಕುಗಳೂ ವಿಮಾ ಕಂಪನಿಗಳೂ ಅದಕ್ಕೆ ಬಡ್ಡಿ ಪಡೆಯುತ್ತವೆ. ಹಣದುಬ್ಬರದ ಭಯದಿಂದ ಮಾಡಿದ ಈ ಬದಲಾವಣೆಗೆ ಕಾರಣಗಳಿದ್ದವು, ಒಪ್ಪೋಣ. ಆದರೆ ಅದರೊಂದಿಗೆ ‘ದುಡ್ಡು ಎಲ್ಲಿಂದ?’ ಎಂಬ ಪ್ರಶ್ನೆಗೆ ಕಾನೂನಿನ ಬಲ ಬಂತು ಎಂಬುದನ್ನೂ ಒಪ್ಪಬೇಕು. ಉಳ್ಳವರ ಸಂಪತ್ತಿಗೆ ತೆರಿಗೆ ಹಾಕುವ ಬದಲು ಅವರಿಂದಲೇ ಸಾಲ ಪಡೆದು ಬಡ್ಡಿ ಕಟ್ಟುವುದನ್ನು ಶಿಸ್ತು ಎಂದು ಕರೆಯುವ ಕಾಲ ಇದು.

ಇನ್ನು ರಾಜ್ಯಗಳ ಪಾಡು. ಕರ್ನಾಟಕ ಸರ್ಕಾರಕ್ಕೆ ಆಧುನಿಕ ಹಣ ಸಿದ್ಧಾಂತ ಅನ್ವಯಿಸುವುದೇ ಇಲ್ಲ; ಈ ವಿಷಯದಲ್ಲಿ ಅದು ನಿಜವಾಗಿಯೂ ನಮ್ಮ ಮನೆಯಂತೆ. ರಿಸರ್ವ್ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಸತತವಾಗಿ 14 ಕೆಲಸದ ದಿನ ದಾಟಿದರೆ ರಾಜ್ಯದ ಪಾವತಿಗಳೇ ನಿಲ್ಲುತ್ತವೆ. ಜಿ.ಎಸ್.ಟಿ. ಬಂದ ಮೇಲೆ ಸ್ವಂತವಾಗಿ ತೆರಿಗೆ ಹಾಕುವ ಜಾಗವೂ ಕಿರಿದಾಗಿದೆ. ಆದ್ದರಿಂದ 2023ರ ಗ್ಯಾರಂಟಿ ಯೋಜನೆಗಳ ಬಗ್ಗೆ ‘ದುಡ್ಡು ಎಲ್ಲಿಂದ?’ ಎಂದು ಕೇಳಿದವರು ಕೇಳಿದ್ದು ಸರಿಯೇ. ಆದರೆ ಆ ಐದರಲ್ಲಿ ಒಂದು ಯೋಜನೆ ಶುರುವಿನಲ್ಲೇ ಮುಗ್ಗರಿಸಿದ್ದು ದುಡ್ಡಿಲ್ಲದೆ ಅಲ್ಲ.

ಅನ್ನಭಾಗ್ಯದಲ್ಲಿ ಕೇಂದ್ರ ಕೊಡುವ ತಲಾ 5 ಕಿಲೋ ಧಾನ್ಯದ ಜೊತೆಗೆ ಇನ್ನೂ 5 ಕಿಲೋ ಅಕ್ಕಿಯನ್ನು ತಾನು ಕೊಡುವುದಾಗಿ ರಾಜ್ಯ ಹೇಳಿತ್ತು. ಕೊಳ್ಳಲು ಹಣ ತೆಗೆದಿಟ್ಟಿತ್ತು. ಆಹಾರ ನಿಗಮ ಮೊದಲು ಒಪ್ಪಿತು. 2023ರ ಜೂನ್ 13ರಂದು ಕೇಂದ್ರ ಸರ್ಕಾರ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ, ಗೋಧಿ ಮಾರುವುದನ್ನು ನಿಲ್ಲಿಸಿತು. ಬೆಲೆ ಏರಿಕೆ ತಡೆಯಲು ದಾಸ್ತಾನು ಬೇಕು ಎಂಬುದು ಕೊಟ್ಟ ಕಾರಣ. ಬೇರೆ ರಾಜ್ಯಗಳಲ್ಲಿ ಹುಡುಕಿದರೂ ಅಷ್ಟು ಅಕ್ಕಿ ಸಿಗಲಿಲ್ಲ. ಕೊನೆಗೆ ಜುಲೈಯಿಂದ ಕಿಲೋಗೆ 34 ರೂಪಾಯಿಯಂತೆ ಒಬ್ಬರಿಗೆ ತಿಂಗಳಿಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕತೊಡಗಿದರು. ನಮ್ಮೂರ ನ್ಯಾಯಬೆಲೆ ಅಂಗಡಿಯ ಮುಂದೆ ಹೆಂಗಸರು ಇದನ್ನು ಎರಡು ಬಗೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಗಂಡ ಕುಡಿಯುವ ಮನೆಯವರು ಅಕ್ಕಿಯೇ ವಾಸಿ ಎಂದರು. ಮಗಳ ಫೀಸು ಕಟ್ಟಬೇಕಿದ್ದವರು ದುಡ್ಡೇ ಇರಲಿ ಎಂದರು. ಆದರೆ 34 ರೂಪಾಯಿಗೆ ಅಂಗಡಿಯಲ್ಲಿ ಒಂದು ಕಿಲೋ ಅಕ್ಕಿ ಬರುವುದಿಲ್ಲ ಎಂಬುದರಲ್ಲಿ ಅವರಲ್ಲಿ ಭಿನ್ನಮತವಿರಲಿಲ್ಲ.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಣದ ಬದಲು ಮತ್ತೆ ಅಕ್ಕಿಯನ್ನೇ ಕೊಡಲು ತೀರ್ಮಾನಿಸಿತು. ಅಷ್ಟು ಹೊತ್ತಿಗೆ ನಿಗಮದ ಗೋದಾಮುಗಳಲ್ಲಿ ಅಕ್ಕಿ ಹೆಚ್ಚಾಗಿ, ಕೇಂದ್ರ ತಾನಾಗಿಯೇ ರಾಜ್ಯಗಳಿಗೆ ಮಾರಲು ಮುಂದಾಗಿತ್ತು. ಬೆಲೆ ಕಿಲೋಗೆ 22 ರೂಪಾಯಿ 50 ಪೈಸೆ.